ಸೊಟ್ಟ ಸೈಕಲ್ ಸೊಟ್ಟಗೇ ಇರಲಿ

“ನಿಂತಿದ್ದ ಕಾರಿಗೆ ನೀನೇ ಹೋಗಿ ಗುದ್ದಿ, ಈಗ ಅವರ ಹತ್ರಾನೇ ಪರಿಹಾರ ಕೇಳ್ತೀಯಾ? ಮುಖ ಎಲ್ಲಿಟ್ಕೋತೀಯೋ?”

ಕಡ್ಡಿ ಮುರಿದ ಹಾಗೆ ಇಷ್ಟು ಹೇಳಿ ಅಮ್ಮ ಪಾತ್ರೆ ತಿಕ್ಕಲು ಕೂತಳು. ಪಾತ್ರೆಗಳ ಸದ್ದು ಜೋರಾಯಿತು. ಅಮ್ಮನಿಗೆ ಎಷ್ಟು ಸಿಟ್ಟು ಬಂದಿದೆ ಎಂದು ತಿಳಿಯಲು ಆ ಮನೆಯಲ್ಲಿ ಬೇರೇನೂ ಬೇಕಿಲ್ಲ, ಆ ಸದ್ದೇ ಸಾಕು.

“ನಾನೆಲ್ಲಮ್ಮ ಕೇಳ್ತೀನಿ ಅಂದೆ? ಪಕ್ಕದ ಮನೆ ಅಕ್ಕ ಹಾಗಂದ್ಲು ಅಂದೆ, ಅಷ್ಟೆ,” ಎಂದ ಮಗ.

ಈ ಮಗನನ್ನು ಬೀದಿಯವರೆಲ್ಲ ಕರೆಯುವುದು ಕಡ್ಡಿಯಣ್ಣ ಎಂದು. ಸೈಕಲ್ ರಿಪೇರಿ ಅವನ ಕಸುಬು. ಚಕ್ರದ ಕಡ್ಡಿಗಳನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿಯೇ ಯಾವುದು ಸಡಿಲ, ಯಾವುದು ಬಿಗಿ ಎಂದು ಹೇಳಿಬಿಡುತ್ತಾನೆ. ಆಳೂ ಕಡ್ಡಿಯೇ. ಹಾಗಾಗಿ ಹೆಸರು ಎರಡು ಕಡೆಯಿಂದಲೂ ಹೊಂದಿಕೊಂಡಿದೆ.

ಹೋದ ವಾರ ಒಂದು ಬೆಳಿಗ್ಗೆ ಅವನು ಅಂಗಡಿಗೆ ಹೊರಟಿದ್ದ. ರಸ್ತೆ ಬದಿಯಲ್ಲಿ ನಿಂತಿದ್ದ ನೀಲಿ ಕಾರಿನ ಬಾಗಿಲು ದಢಾರನೆ ತೆರೆದುಕೊಂಡಿತು. ಒಳಗಿದ್ದವರು ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿರಲಿಲ್ಲ. ಬಾಗಿಲಿನ ಅಂಚು ಹ್ಯಾಂಡಲ್ಲಿನ ಎಡತುದಿಗೆ ಬಡಿಯಿತು. ಇವನು ಬಲಗೈ ಊರಿ ರಸ್ತೆಗೆ ಬಿದ್ದ. ಮಣಿಕಟ್ಟಿನ ಮೂಳೆ ಮುರಿಯಿತು. ಮನೆಯಲ್ಲಿ ಮಾತ್ರ ಕಾರಿಗೆ ತಾಗಿ ಬಿದ್ದೆ ಎಂದಷ್ಟೇ ಹೇಳಿದ್ದ, ನಿಂತ ಕಾರಿಗೆ ಇವನೇ ಗುದ್ದಿದ ಎಂದು ಅಮ್ಮ ತಿಳಿದಿದ್ದಳು.

ಈಗ ಅಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರ್. “ಇದನ್ನ ತೆಗೆದ ಮೇಲೂ ದಿನಾ ವ್ಯಾಯಾಮ ಮಾಡಿಸ್ಕೋಬೇಕು. ಅವಸರ ಮಾಡಿ ಸ್ಪ್ಯಾನರ್ ಹಿಡಿದ್ರೋ, ಈ ಕೈ ಮುಷ್ಟಿ ಕಟ್ಟೋದನ್ನೇ ಮರೆತುಬಿಡುತ್ತೆ,” ಎಂದು ಡಾಕ್ಟರು ಎಚ್ಚರಿಸಿದ್ದರು. ಮುಷ್ಟಿ ಕಟ್ಟದ ಕೈಯಲ್ಲಿ ನಟ್ಟು ಬಿಚ್ಚುವುದು ಹೇಗೆ? ಟೈರು ಎಳೆಯುವುದು ಹೇಗೆ? ಆ ಮನೆಯ ಒಲೆ ಉರಿಯುವುದೇ ಆ ಕೈಯಿಂದ. ಆದರೆ ಅಂಗಡಿ ಮುಚ್ಚಿಕೊಂಡು ಅಷ್ಟು ದಿನ ಕೂತರೆ ಊಟಕ್ಕೇನು, ಔಷಧಿಗೇನು? ಹಾಗಾಗಿ ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಕೆಲಸಕ್ಕೆ ಕೂರುವುದು ಎಂದು ಅವನು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿದ್ದ.

ಅಲ್ಲಿಯವರೆಗೂ ಹೇಗೆ ತಡೆಯುವುದು? ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು. ಪ್ಲಾಸ್ಟರಿನ ಒಳಗೆ ನವೆ, ಹೊರಗೆ ಬೇಜಾರು. ಅದಕ್ಕಿಂತ ದೊಡ್ಡ ಸಂಕಟ ಅಂಗಳದ ಗೋಡೆಗೆ ಒರಗಿ ನಿಂತಿತ್ತು. ಹ್ಯಾಂಡಲ್ ತಿರುಚಿಕೊಂಡ, ಎಡಗಡೆಯ ಬ್ರೇಕ್ ಹಿಡಿ ಮುರಿದ ಅವನ ಸ್ವಂತ ಸೈಕಲ್. ಮುನಿಸಿಕೊಂಡವರ ಹಾಗೆ ಮುಖ ಅತ್ತ ತಿರುಗಿಸಿ ನಿಂತಿತ್ತು ಅದು. ಬೀದಿಯ ಸೈಕಲ್ಲುಗಳನ್ನೆಲ್ಲ ನೆಟ್ಟಗೆ ಮಾಡುವವನ ಮನೆಯಲ್ಲೇ ಇಂಥ ಸೊಟ್ಟ ಸೈಕಲ್! ಅವನು ಎದ್ದು ಹೋಗಿ ನೋಡುವನು, ಬಂದು ಕೂರುವನು, ಮತ್ತೆ ಏಳುವನು.

“ಒಂದು ಕಡೆ ಕೂತ್ಕೊಳೋ! ನಿನ್ನ ನೋಡಿ ನೋಡಿ ನಂಗೇ ತಲೆ ತಿರುಗ್ತಿದೆ,” ಎಂದಳು ಅಮ್ಮ. “ಕಾರಿನವರು ಫೋನ್ ಮಾಡಿ ಹೇಳಿದಾರಲ್ಲ? ಮಧ್ಯಾಹ್ನ ಹೊಸ ಸೈಕಲ್ ಕಳಿಸ್ತೀನಿ, ಹಳೇದು ಕೊಟ್ಬಿಡಿ ಅಂತ. ಪಾಪ, ಆಸ್ಪತ್ರೆಗೂ ಅವರೇ ಕರ್ಕೊಂಡು ಹೋದ್ರು. ಇಂಥ ಕಾಲದಲ್ಲಿ ಅಂಥೋರು ಎಲ್ಲಿ ಸಿಗ್ತಾರೆ?”

“ಹಳೇದು ಕೊಡೋದಾದ್ರೂ ಹೀಗೇ ಕೊಡ್ಲಾ? ನೋಡಿದವರು ಏನಂತಾರೆ? ಹ್ಯಾಂಡಲ್ ಒಂದು ನೆಟ್ಟಗೆ ಮಾಡ್ತೀನಿ.”

ಎಡಗೈಯಲ್ಲಿ ಸ್ಪ್ಯಾನರ್ ಹಿಡಿದು ಅಂಗಳಕ್ಕೆ ಇಳಿದೇಬಿಟ್ಟ. ಮೊದಲ ಸಲ ಸ್ಪ್ಯಾನರ್ ಜಾರಿ ಕಾಲ ಮೇಲೆ ಬಿತ್ತು. ಎರಡನೇ ಸಲ ನಟ್ಟಿಗೆ ಕಚ್ಚಿಕೊಂಡಿತು. ಇನ್ನೇನು ತಿರುಗಿಸಬೇಕು—

“ಹೋಲ್ಡಾನ್! ಹೋಲ್ಡಾನ್!”

ಪಕ್ಕದ ಕಾಂಪೌಂಡಿನಿಂದ ಬಂದ ಆ ಕೂಗಿಗೆ ಬಸ್ಸೇ ನಿಲ್ಲುತ್ತಿತ್ತು, ಇನ್ನು ಕಡ್ಡಿಯಣ್ಣ ಯಾವ ಲೆಕ್ಕ! ಪಕ್ಕದ ಮನೆಯ ಆ ಅಕ್ಕ ಬಸ್ ಕಂಡಕ್ಟರ್, ಬೀದಿಗೆಲ್ಲ ಕಂಡಕ್ಟರಕ್ಕ. ಪಾಳಿ ಮುಗಿಸಿ ಆಗತಾನೇ ಬಂದಿದ್ದಳು. ಹೆಗಲ ಮೇಲಿನ ಚೀಲ ಕೂಡ ಇಳಿಸದೆ ಸೀದಾ ಇವರ ಅಂಗಳಕ್ಕೆ ಬಂದಳು.

“ಏನ್ ಮಾಡ್ತಿದೀಯ ಮಾರಾಯ? ಇದನ್ನ ಮುಟ್ಟಬೇಡ ಅಂತ ಹೇಳಿದ್ನೋ ಇಲ್ವೋ?”

“ಸೊಟ್ಟಗಿದೆ ಅಕ್ಕಾ. ನೋಡಕ್ಕಾಗ್ತಿಲ್ಲ.”

“ಸೊಟ್ಟ ಸೈಕಲ್ ಸೊಟ್ಟಗೇ ಇರಲಿ! ನಿನ್ನ ಪರವಾಗಿ ಮಾತಾಡೋದು ಇದೊಂದೇ. ಇದರ ಬಾಯಿ ಮುಚ್ಚಿಸ್ತೀಯಾ? ನಮ್ಮ ಬಸ್ಸು ಹಿಂದೊಮ್ಮೆ ಒಬ್ಬ ಸ್ಕೂಟರಿನವನಿಗೆ ತಾಗಿತ್ತು. ಸಾಕ್ಷಿ ಹೇಳಕ್ಕೆ ನಾನೇ ನ್ಯಾಯಾಲಯಕ್ಕೆ ಹೋಗಿದ್ದೆ. ಆ ಪುಣ್ಯಾತ್ಮ ಫೋಟೋನೂ ತೆಗೆಸದೆ, ಯಾರಿಗೂ ತೋರಿಸದೆ, ಸ್ಕೂಟರನ್ನ ರಿಪೇರಿ ಮಾಡಿಸಿ ತೊಳೆದು ಫಳಫಳ ಅನ್ನಿಸ್ಕೊಂಡು ತಂದಿದ್ದ. ಎಲ್ಲಿ ಪೆಟ್ಟಾಗಿದೆ ತೋರಿಸಪ್ಪ ಅಂದ್ರೆ ಬೆಬ್ಬೆಬ್ಬೆ ಅಂದ.”

ಮಾತಾಡುತ್ತಲೇ ಅವಳು ಮೊಬೈಲ್ ತೆಗೆದು ಸೈಕಲ್ಲನ್ನು ಆ ಕಡೆಯಿಂದ, ಈ ಕಡೆಯಿಂದ, ಕೂತು, ಬಗ್ಗಿ ಫೋಟೋ ಹೊಡೆದಳು. ಹ್ಯಾಂಡಲ್ಲಿನ ಎಡತುದಿಗೆ ಕಾರಿನ ನೀಲಿ ಬಣ್ಣ ಮೆತ್ತಿಕೊಂಡಿತ್ತು. ಅದನ್ನು ಹತ್ತಿರದಿಂದ ಇನ್ನೊಂದು ಹೊಡೆದಳು.

“ಮುಂದಿನ ಚಕ್ರ ನೋಡು, ಏನೂ ಆಗಿಲ್ಲ. ನಿಂತ ಕಾರಿಗೆ ನೀನೇ ಹೋಗಿ ಗುದ್ದಿದ್ರೆ ಮೊದಲು ನಜ್ಜಾಗಬೇಕಾದ್ದು ಯಾವುದು?”

“ಚಕ್ರ,” ಎಂದ ಕಡ್ಡಿಯಣ್ಣ. ಇಷ್ಟು ದಿನ ಅವನು ಸೊಟ್ಟವನ್ನು ನೋಡಿದ್ದನೇ ಹೊರತು, ಅದು ಹೇಗೆ ಸೊಟ್ಟಗಾಯಿತು ಎಂದು ನೋಡಿರಲಿಲ್ಲ.

“ಸರಿ. ಆಸ್ಪತ್ರೆಯಲ್ಲಿ ಏನಂತ ಹೇಳಿದೆ?”

“ಅದು... ಸೈಕಲ್ಲಿಂದ ಬಿದ್ದೆ ಅಂದೆ. ಕಾರಿನವರು ಪಕ್ಕದಲ್ಲೇ ನಿಂತಿದ್ರು. ಅವರ ಎದುರಿಗೇ ಹೇಗೆ ಹೇಳೋದು?”

ಕಂಡಕ್ಟರಕ್ಕ ಹಣೆ ಚಚ್ಚಿಕೊಂಡಳು. “ಎಂಥಾ ದಾಕ್ಷಿಣ್ಯವೋ ನಿಂದು! ಪೊಲೀಸರಿಗೆ?”

“ಹೋಗೇ ಇಲ್ಲ.”

“ನೋಡಿದವರು ಯಾರಾದ್ರೂ ಇದಾರಾ? ಅದೂ ಇಲ್ವಾ?”

“ಎದುರುಗಡೆ ಬೀಗದ ಕೈ ಮಾಡೋನು ಕೂತಿರ್ತಾನಲ್ಲ, ಅವನು ನೋಡಿದ. ನನ್ನ ಎತ್ತಿ ಕೂರಿಸಿದ್ದೂ ಅವನೇ.”

“ಸದ್ಯ! ಅದೊಂದು ಒಳ್ಳೇದಾಯ್ತು.”

ಅಮ್ಮ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. “ಅಲ್ಲಮ್ಮ ಕಂಡಕ್ಟರಮ್ಮಾ, ಪೊಲೀಸು ಗಿಲೀಸು ಅಂತ ನನ್ನ ಮಗನ ತಲೆ ಕೆಡಿಸ್ತಿದೀಯಲ್ಲ? ನಾವು ಯಾರ ಮುಂದೂ ಕೈ ಚಾಚಿದವರಲ್ಲ. ಕೈ ಮುರಿದಿದೆ ಅಂತ ಈಗ ಚಾಚಬೇಕಾ?”

“ದೊಡ್ಡಮ್ಮಾ, ಟಿಕೆಟ್ ತಗೊಂಡವನು ಬಸ್ಸಲ್ಲಿ ಜಾಗ ಕೇಳಿದ್ರೆ ಅದು ಭಿಕ್ಷೆನಾ?”

“ಅದು ಹೇಗೆ ಭಿಕ್ಷೆ ಆಗುತ್ತೆ? ಟಿಕೆಟ್ ತಗೊಂಡಿಲ್ವಾ?”

“ಇದೂ ಹಾಗೇ. ಕಾರು ರಸ್ತೆಗಿಳಿಸೋರು ವಿಮೆ ಮಾಡಿಸಿರ್ತಾರೆ. ತಮ್ಮ ಕಾರಿಂದ ಇನ್ನೊಬ್ಬರಿಗೆ ಪೆಟ್ಟಾದ್ರೆ ಪರಿಹಾರ ಕೊಡೋದಕ್ಕೇ ಅದು ಇರೋದು. ಆ ಟಿಕೆಟ್ ಆಗ್ಲೇ ಹರಿದಾಗಿದೆ ದೊಡ್ಡಮ್ಮ, ನಿಮ್ಮ ಮಗ ಬಂದು ಸೀಟಲ್ಲಿ ಕೂರಬೇಕು, ಅಷ್ಟೆ. ಆಸ್ಪತ್ರೆ ಖರ್ಚು, ಅಂಗಡಿ ಮುಚ್ಚಿದ ದಿನಗಳ ನಷ್ಟ, ಆಮೇಲಿನ ವ್ಯಾಯಾಮ, ಎಲ್ಲಾನೂ ಕೇಳಬಹುದು. ಕೈ ಪೂರ್ತಿ ವಾಸಿಯಾಗೋವರೆಗೂ ಇವನು ಸುಮ್ಮನೆ ಮನೇಲಿ ಕೂರಬೇಕು ಅಂದ್ರೆ ಬೇರೆ ದಾರಿ ಏನಿದೆ?”

“ಎಷ್ಟು ಕೊಡ್ತಾರೆ?” ಎಂದು ಕಡ್ಡಿಯಣ್ಣ ಮೆಲ್ಲಗೆ ಕೇಳಿದ.

“ಅದು ನಂಗೊತ್ತಿಲ್ಲಪ್ಪ. ನಾಳೆನೇ ಸಿಗುತ್ತೆ ಅಂತಾನೂ ಹೇಳಲ್ಲ. ಅಲೆದಾಟ ಇದೆ. ನಿಂದೂ ಒಂಚೂರು ತಪ್ಪಿದೆ ಅಂತಾದ್ರೆ ಅಷ್ಟನ್ನ ಕಡಿಮೆ ಮಾಡಬಹುದು. ಆದ್ರೆ ಕೇಳದೆ ಇದ್ರೆ ಏನೂ ಸಿಗಲ್ಲ, ಅದಂತೂ ಖಂಡಿತ.”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಸಣ್ಣ ಲಗೇಜ್ ಗಾಡಿಯೊಂದು ಮನೆ ಮುಂದೆ ನಿಂತಿತು. ಇಳಿದವನು ಕಾರಿನವರ ಭಾಮೈದ. ನಗುಮುಖದ ಮನುಷ್ಯ. ಗಾಡಿಯಲ್ಲಿ ಹೊಸ ಸೈಕಲ್, ಸೀಟಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿಲ್ಲ. ಅಮ್ಮನ ಮುಖ ಅರಳಿತು. ಕಡ್ಡಿಯಣ್ಣನ ಕಣ್ಣೂ ಆ ಸೈಕಲ್ಲಿನ ಮೇಲೆಯೇ. ಚಕ್ರಗಳು ಬಿಸಿಲಿಗೆ ಎಷ್ಟು ಚೆನ್ನಾಗಿ ಹೊಳೆಯುತ್ತಿದ್ದವು! ಇದನ್ನು ತೆಗೆದುಕೊಂಡು, ಅದನ್ನು ಕೊಟ್ಟು, ಎಲ್ಲ ಮುಗಿಯಿತು ಎಂದುಬಿಟ್ಟರೆ ಹೇಗೆ? ಈ ಏಳುವುದು, ಕೂರುವುದಾದರೂ ನಿಲ್ಲಬಹುದು.

“ನಮ್ಮ ಭಾವ ಮಾತು ಕೊಟ್ಟಿದ್ರಲ್ಲ, ತಂದಿದೀನಿ,” ಎಂದ ಭಾಮೈದ. “ಹಳೇದನ್ನ ಗಾಡಿಗೆ ಹಾಕ್ಕೊಂಡು ಹೋಗ್ತೀನಿ. ಇನ್ನು ಯಾರಾದ್ರೂ ಕೇಳಿದ್ರೆ, ಬ್ರೇಕ್ ಹಿಡೀಲಿಲ್ಲ, ಅದಕ್ಕೇ ಹೋಗಿ ಗುದ್ದಿದೆ ಅಂತ ಹೇಳಿಬಿಡಿ. ಯಾರಿಗೂ ರಗಳೆ ಬೇಡ.”



“ಏನಂತ ಹೇಳಬೇಕು?” ಎಂದ ಕಡ್ಡಿಯಣ್ಣ.

“ಬ್ರೇಕ್ ಹಿಡೀಲಿಲ್ಲ ಅಂತ. ಹಳೇ ಸೈಕಲ್ ತಾನೇ? ಯಾರು ಬೇಕಾದ್ರೂ ನಂಬ್ತಾರೆ.”

ಕಡ್ಡಿಯಣ್ಣ ಬಾಯಿ ತೆರೆಯುವ ಮೊದಲೇ ಅಮ್ಮ ಮೆಟ್ಟಿಲಿಳಿದಿದ್ದಳು. “ಏನಂದೆ? ನನ್ನ ಮಗನ ಸೈಕಲ್ಲಿಗೆ ಬ್ರೇಕ್ ಇಲ್ವಾ? ಈ ಬೀದಿಯ ಮಕ್ಕಳೆಲ್ಲ ಇವನು ಕಟ್ಟಿದ ಬ್ರೇಕ್ ನಂಬ್ಕೊಂಡು ಇಳಿಜಾರಲ್ಲಿ ಹೋಗ್ತಾವಪ್ಪಾ! ನಾಳೆ ಇದು ಊರಿಗೆಲ್ಲ ಗೊತ್ತಾದ್ರೆ ಇವನ ಅಂಗಡಿಗೆ ನೊಣಾನೂ ಬರಲ್ಲ!”

ಸೊಟ್ಟ ಸೈಕಲ್ಲಿನ ಹತ್ತಿರ ಹೋಗಿ, ಮುರಿಯದೆ ಉಳಿದಿದ್ದ ಬಲಗಡೆಯ ಬ್ರೇಕ್ ಹಿಡಿಯನ್ನು ಎರಡೂ ಕೈಯಿಂದ ಅಮುಕಿದಳು.

“ತಳ್ಳಪ್ಪ. ನೀನೇ ತಳ್ಳಿ ನೋಡು.”

ಭಾಮೈದ ಇರುಸುಮುರುಸಿನಿಂದ ನಕ್ಕ. “ಅಯ್ಯೋ ಬಿಡಿ ಅಜ್ಜಿ...”

“ಅಜ್ಜಿ ಗಿಜ್ಜಿ ಆಮೇಲೆ. ತಳ್ಳು ಅಂದೆ!”

ಬೇರೆ ದಾರಿ ಕಾಣದೆ ಅವನು ಹಿಂದಿನಿಂದ ತಳ್ಳಿದ. ಹಿಂದಿನ ಚಕ್ರ ಮೇಲೆದ್ದಿತೇ ಹೊರತು, ಮುಂದಿನ ಚಕ್ರ ಇದ್ದಲ್ಲಿಂದ ಕದಲಲಿಲ್ಲ.

“ರೈಟ್ ರೈಟ್! ಗಾಡಿ ಮುಂದೆ ಹೋಗ್ಲಿ,” ಎಂದಳು ಕಂಡಕ್ಟರಕ್ಕ, ಲಗೇಜ್ ಗಾಡಿಯ ಕಡೆ ಕೈ ಬೀಸಿ.

ಕಡ್ಡಿಯಣ್ಣ ಮಾತ್ರ ಮೆತ್ತಗೆ ಹೇಳಿದ: “ನಿಮ್ಮ ಭಾವನ ಮೇಲೆ ನಂಗೆ ಸಿಟ್ಟಿಲ್ಲಣ್ಣ. ಆಸ್ಪತ್ರೆಗೆ ಕರ್ಕೊಂಡು ಹೋದ್ರು, ಅದನ್ನ ಮರೆಯಲ್ಲ. ಆದ್ರೆ ಬಾಗಿಲು ತೆಗೆದಿದ್ದು ಅವರು. ನಾನು ಇದ್ದದ್ದನ್ನ ಇದ್ದ ಹಾಗೇ ಹೇಳ್ತೀನಿ. ಈ ಹೊಸ ಸೈಕಲ್ ನಂಗೆ ಬೇಡ.”

ಗಾಡಿ ಹೊರಟುಹೋಯಿತು. ಅಮ್ಮನ ಉಸಿರು ಇನ್ನೂ ಏರಿಳಿಯುತ್ತಿತ್ತು. “ಇನ್ನೂ ಯಾಕೋ ನಿಂತಿದೀಯ? ಚಪ್ಪಲಿ ಹಾಕ್ಕೋ! ಮೊದಲು ಎಲ್ಲಿಗಮ್ಮ ಹೋಗೋದು, ಠಾಣೆಗಾ, ಆಸ್ಪತ್ರೆಗಾ?”

ಮೊದಲು ಠಾಣೆಗೆ ಹೋದರು. ಕಂಡಕ್ಟರಕ್ಕ ಊಟವನ್ನೂ ಮಾಡದೆ ಜೊತೆಗೆ ಬಂದಳು. “ಇಷ್ಟು ದಿನ ಎಲ್ಲಿದ್ರಿ?” ಎಂದು ಅಲ್ಲಿನ ಅಧಿಕಾರಿ ಗದರಿದರು. “ದಾಕ್ಷಿಣ್ಯದಲ್ಲಿದ್ದ ಸ್ವಾಮಿ, ಈಗ ಕರ್ಕೊಂಡು ಬಂದಿದೀವಿ,” ಎಂದಳು ಅಮ್ಮ. ಅಧಿಕಾರಿಗೂ ನಗು ತಡೆಯಲಾಗಲಿಲ್ಲ. ನೋಡಿದ್ದ ಬೀಗದ ಕೈಯವನ ಹೆಸರನ್ನೂ ಸೇರಿಸಿ ದೂರು ಬರೆದುಕೊಂಡು, ಅದರ ಒಂದು ಪ್ರತಿಯನ್ನು ಕೈಗೆ ಕೊಟ್ಟರು. ಸೈಕಲ್ಲನ್ನು ಬಂದು ನೋಡುವವರೆಗೂ ಯಾರೂ ಮುಟ್ಟಬಾರದು ಎಂದು ಅವರೂ ಹೇಳಿದಾಗ, ಕಂಡಕ್ಟರಕ್ಕ ಕಡ್ಡಿಯಣ್ಣನ ಕಡೆ ಹುಬ್ಬು ಹಾರಿಸಿದಳು. ಅಲ್ಲಿಂದ ಆಸ್ಪತ್ರೆಗೆ ಹೋಗಿ, ಬಿದ್ದದ್ದು ಕಾರಿನ ಬಾಗಿಲು ಬಡಿದು ಎಂದು ಡಾಕ್ಟರಿಗೆ ತಿಳಿಸಿದರು. ಕೊನೆಗೆ ಉಚಿತ ಕಾನೂನು ನೆರವಿನ ಕಚೇರಿ. ಅಲ್ಲಿದ್ದ ವಕೀಲೆ ಎಲ್ಲವನ್ನೂ ಕೇಳಿಸಿಕೊಂಡು, “ನಿಜ ಹೇಳ್ತೀನಿ, ಕೆಲಸ ಸ್ವಲ್ಪ ನಿಧಾನ. ಆದ್ರೆ ನಿಮ್ಮ ಅರ್ಜಿಯಲ್ಲಿ ಬಲ ಇದೆ,” ಎಂದರು.

“ಎಷ್ಟು ನಿಧಾನ ಆದ್ರೂ ಆಗ್ಲಿ. ಕೈ ಗಟ್ಟಿಯಾಗೋವರೆಗೂ ಇವನಿಗೆ ಸ್ಪ್ಯಾನರ್ ಮುಟ್ಟಕ್ಕೆ ನಾನು ಬಿಡಲ್ಲ,” ಎಂದಳು ಅಮ್ಮ. “ಅಲ್ಲೀವರೆಗೂ ಹೇಗೋ ತೂಗಿಸ್ತೀನಿ.”

“ನೀನು ಬೆಳಿಗ್ಗೆ ಹೇಳಿದ್ದೇ ಬೇರೆ ಅಲ್ವೇನಮ್ಮಾ?”

“ಬೆಳಿಗ್ಗೆ ನಂಗೇನು ಗೊತ್ತಿತ್ತೋ?”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಮ್ಮನಿಗೆ ಗೊತ್ತಿರಲಿಲ್ಲ. ಈಗ ನಿಮಗೆ ಗೊತ್ತಾಯಿತಲ್ಲ. ಸೈಕಲ್ ತುಳಿಯುವವರಿಗೆ ವಾಹನ ಬಡಿದರೆ ಗಾಬರಿಯಲ್ಲಿ “ಏನಿಲ್ಲ ಬಿಡಿ” ಎಂದು ಎದ್ದು ಹೋಗಬೇಡಿ. ಆ ಗಾಡಿಯ ನಂಬರ್ ನೋಡಿಕೊಳ್ಳಿ, ನೋಡಿದವರ ಫೋನ್ ನಂಬರ್ ಕೇಳಿಕೊಳ್ಳಿ. ಡಾಕ್ಟರಿಗೂ ಪೊಲೀಸರಿಗೂ ನಡೆದದ್ದನ್ನು ನಡೆದ ಹಾಗೆ, ಅಂದೇ ಹೇಳಿ. ಸೈಕಲ್ಲನ್ನು ಫೋಟೋ ತೆಗೆದು ಹಾಗೇ ಇಡಿ, ಆಸ್ಪತ್ರೆಯ ಚೀಟಿ ಒಂದನ್ನೂ ಬಿಸಾಡಬೇಡಿ, ಓದಿಸಿಕೊಳ್ಳದೆ ಯಾವುದಕ್ಕೂ ಸಹಿ ಹಾಕಬೇಡಿ. ಅರ್ಜಿ ಹಾಕಲು ಒಂದು ಗಡುವು ಇರುತ್ತದೆ. ಆಮೇಲೆ ನೋಡೋಣ ಎಂದು ಕೂತರೆ ಅದು ದಾಟಿಹೋಗುತ್ತದೆ. ವಕೀಲರಿಗೆ ಕೊಡಲು ಇಲ್ಲದವರಿಗೆ ಉಚಿತ ನೆರವು ಇದೆ, ಕೇಳಿ. ಕೇಳುವುದು ಕೈ ಚಾಚುವುದಲ್ಲ. ನಿಮ್ಮ ಬೀದಿಯಲ್ಲೂ ಒಬ್ಬ ದಾಕ್ಷಿಣ್ಯದ ಕಡ್ಡಿಯಣ್ಣ ಇರಬಹುದು. ಇದನ್ನು ಅವನಿಗೊಮ್ಮೆ ಓದಿ ಹೇಳಿ.

ಅಂದು ಅವರು ಮನೆಗೆ ವಾಪಸಾಗುವಾಗ, ದಾರಿಯಲ್ಲಿ ಎದುರಾದ ಅಂಚೆ ಹಂಚುವವಳೊಬ್ಬಳ ಸೈಕಲ್ಲಿನ ಚೈನ್ ಕಳಚಿಕೊಂಡಿತು. ಕಡ್ಡಿಯಣ್ಣ ಅಭ್ಯಾಸಬಲದಿಂದ ಮುಂದಕ್ಕೆ ಬಗ್ಗಿದ. ಅಮ್ಮ ಅವನ ಭುಜ ಹಿಡಿದು ಹಿಂದಕ್ಕೆ ಸರಿಸಿ, ತಾನೇ ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಳು. ಮಗ ಕಣ್ಣಲ್ಲೇ ತೋರಿಸಿದ ಕಡೆ ಚೈನನ್ನು ಹಲ್ಲುಚಕ್ರಕ್ಕೆ ಕೂರಿಸಿ ಪೆಡಲ್ ತಿರುಗಿಸಿದಳು. ಎರಡು ಸಲ ಜಾರಿತು. ಮೂರನೆಯ ಸಲ ಕಚ್ಚಿಕೊಂಡು, ಚಕ್ರ ಗರಗರನೆ ತಿರುಗತೊಡಗಿತು. ಕಪ್ಪಾದ ಬೆರಳುಗಳನ್ನು ಅಮ್ಮ ಬಿಸಿಲಿಗೆ ಹಿಡಿದು ನೋಡಿಕೊಂಡಳು.