ಹ್ಞೂಂ ಅನ್ನುವವಳು

ಮಸ್ಕಿಯ ಬಟ್ಟೆ ಅಂಗಡಿ ಬಸವಂತರಾಯರು ಗಿರಾಕಿಯ ಮುಂದೆ ಕುಳಿತರೆ ಮಾತಿನ ಮಲ್ಲ, ಮನೆ ಹೊಸ್ತಿಲು ದಾಟಿದರೆ ಮೂಗ. ಒಂದು ಜಂಪರ್ ಪೀಸಿಗೆ ಅರ್ಧ ಗಂಟೆ ಬಾಯಿ ಸವೆಸುವ ಮನುಷ್ಯ, ಹೆಂಡತಿ ಶೇಖರಮ್ಮನ ಹತ್ತಿರ ಆಡುತ್ತಿದ್ದದ್ದು 'ನೀರು', 'ಊಟ', 'ದೀಪ ಆರಿಸು', ಇಷ್ಟೇ. ನಮ್ಮ ಕಡೆಯ ಗಂಡಸರಿಗೆ ಇದೊಂದು ದೊಡ್ಡಸ್ತಿಕೆ. ಯಾರು ಕಲಿಸಿದರೋ, ಅವರ ಬಾಯಿಗೆ ಮಣ್ಣು ಬೀಳಲಿ.

ಎಂಬತ್ತೊಂಬತ್ತರ ದೀಪಾವಳಿ ಹತ್ತಿರ ಬಂದಾಗ, ಸೀರೆ ಮಡಚುತ್ತ ಕುಳಿತಲ್ಲೇ ರಾಯರಿಗೆ ಎದೆ ಹಿಡಿಯಿತು. ಜೀಪಿನಲ್ಲಿ ಹಾಕಿಕೊಂಡು ಒಯ್ದದ್ದರಿಂದ ರಾಯಚೂರಿನ ಆಸ್ಪತ್ರೆಯಲ್ಲಿ ಜೀವವೇನೋ ಉಳಿಯಿತು. ಆದರೆ ಮನೆಗೆ ಬಂದ ಮೇಲೆ ಮಂಚ ಬಿಟ್ಟು ಏಳಲು ಹೆದರಿಕೆ. ಕಾಲು ನೆಲಕ್ಕಿಟ್ಟರೆ ಗುಂಡಿಗೆ ಒಡೆಯುತ್ತದೆ ಎಂದು ಊರೇ ಹೆದರಿಸಿತ್ತು. ಕಡೆಗೆ ಸಿಂಧನೂರಿನ ಡಾಕ್ಟರು ಗದರಿದರು.

"ಹಾಸಿಗಿ ಹಿಡದ್ರ ಎದಿ ಇನ್ನಷ್ಟು ಸೋಲ್ತೈತಿ ರಾಯರ. ದಿನಾ ಮುಂಜಾನಿ ನಡೀರಿ. ಒಬ್ರ ಹೋಗಬ್ಯಾಡ್ರಿ, ಯಾರನ್ನರ ಕರಕೊಂಡು ಮಾತಾಡಕೋತ ನಡೀರಿ. ಮಾತಾಡಾಕ ಬಂದ್ರ ನಡಿಗಿ ಸರಿ ಐತಿ ಅಂತ ತಿಳೀರಿ. ಉಸಿರು ಸಾಲದ ಮಾತು ನಿಂತ್ರ ಅಲ್ಲೇ ಕೂಡ್ರಿ."

ಮಗ ಶಿವಶರಣಪ್ಪ ಅಂಗಡಿ ನೋಡಿಕೊಳ್ಳಬೇಕು. ಹೀಗಾಗಿ ಜೊತೆಗೆ ಹೊರಟವಳು ಶೇಖರಮ್ಮ. ಜೊತೆ ಅಂದರೆ ಪಕ್ಕದಲ್ಲಲ್ಲ. ಗಂಡನಿಗೆ ಸರಿಸಮನಾಗಿ ನಡೆದರೆ ನೋಡಿದವರು ಏನಂದಾರು? ಲಿಂಗಸುಗೂರು ರಸ್ತೆಯಲ್ಲಿ ರಾಯರು ಮುಂದೆ, ಸೆರಗು ಹೊದ್ದ ಆಕೆ ನಾಲ್ಕು ಮಾರು ಹಿಂದೆ.

ಮೊದಮೊದಲು ಆಡಲು ಮಾತೇ ಇರಲಿಲ್ಲ. ಆದರೆ ಡಾಕ್ಟರು ಹೇಳಿದ್ದಲ್ಲವೇ, ಮಾತ್ರೆ ನುಂಗಿದಂತೆ ರಾಯರು ಇಳಕಲ್ ಸೀರೆಯ ಧಾರಣೆ ಒದರಿದರು. 'ಹ್ಞೂಂ' ಎಂದು ಹಿಂದಿನಿಂದ ದನಿ ಬಂತು. ಮರುದಿನ ತಾವು ಶಾಲೆ ತಪ್ಪಿಸಿ ಹಳ್ಳಕ್ಕೆ ಈಜಲು ಹೋಗಿ ಒದೆ ತಿಂದ ಕತೆ ಹೇಳಿದರು. ಹಿಂದಿನಿಂದ ನಗು ಕೇಳಿತು. ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಒಂದು ದಿನ, ತೊಟ್ಟಿಲಲ್ಲೇ ಹೋದ ಮೊದಲ ಹೆಣ್ಣುಕೂಸಿನ ಮಾತೂ ಬಂತು.

"ಅದರ ಮಾರಿ ಇನ್ನೂ ಕಣ್ಣಾಗ ಐತಿ" ಎಂದರು ರಾಯರು.

"ನಿಮಗ ನೆನಪ ಇಲ್ಲ ಅನ್ಕೊಂಡಿದ್ನಿರಿ" ಎಂದು ಶೇಖರಮ್ಮ ರಸ್ತೆಯಲ್ಲೇ ಅತ್ತಳು. ರಾಯರು ತಿರುಗಿ ನೋಡಲಿಲ್ಲ. ಅವರ ಕಣ್ಣೂ ಒದ್ದೆಯಾಗಿತ್ತು.

ದಿನ ಕಳೆದಂತೆ ರಾಯರ ಕಾಲಿಗೆ ಕಸುವು ಬಂತು. ಸಣ್ಣ ಸೇತುವೆಗೆ ಮುಗಿಯುತ್ತಿದ್ದ ನಡಿಗೆ ಅದರಾಚೆಯ ಬೇವಿನ ಗಿಡದ ತನಕ ಬೆಳೆಯಿತು.

"ತುಸು ಮೆಲ್ಲಕ ನಡೀರಿ" ಎಂದಳು ಶೇಖರಮ್ಮ ಒಮ್ಮೆ.

"ಎದಿ ಬ್ಯಾನಿ ನನಗೋ ನಿನಗೋ?" ಎಂದು ರಾಯರು ಚೇಷ್ಟೆ ಮಾಡಿದರು. ಆಕೆ ನಕ್ಕಳು. ಅಂದಿನಿಂದ ಆಕೆಯ ಮಾತು ಕಡಿಮೆಯಾಗುತ್ತ ಬಂದು ಬರೀ 'ಹ್ಞೂಂ' ಉಳಿಯಿತು. ಕತೆ ಕೇಳುವವರು ಹ್ಞೂಂಗುಟ್ಟುವುದು ನಮ್ಮ ಪದ್ಧತಿ. ಚೆನ್ನಾಗಿ ಕೇಳುತ್ತಿದ್ದಾಳೆ ಎಂದು ರಾಯರಿಗೆ ಹುರುಪೇ ಹೆಚ್ಚಿತು.

ಯುಗಾದಿಯ ಮುಂಚೆ ಒಂದು ಮುಂಜಾನೆ, ಬೇವಿನ ಗಿಡ ಹತ್ತಿರವಾದಾಗ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ರಾಯರು ಆಡಿದರು.

"ಮಂದಿ ಏನರ ಅನ್ಲಿ, ನಾಳಿಂದ ನನ್ನ ಬಾಜೂಕ ನಡಿ. ನಡೀತಿಯಲ್ಲ?"

ಹ್ಞೂಂ ಬರಲಿಲ್ಲ. ಅದು ಯಾವಾಗ ನಿಂತಿತ್ತೋ, ಮಾತಿನ ಹುರುಪಿನಲ್ಲಿ ಗೊತ್ತೇ ಆಗಿರಲಿಲ್ಲ. ರಾಯರು ತಿರುಗಿದರು. ಹಿಂದೆ ರಸ್ತೆ ಖಾಲಿ. ದೂರದಲ್ಲಿ, ಸೇತುವೆಯ ಗೋಡೆಗೆ ಒರಗಿ ಶೇಖರಮ್ಮ ಕುಳಿತಿದ್ದಳು. ಮಾತು ನಿಂತರೆ ಅಲ್ಲೇ ಕೂಡಬೇಕೆಂದು ಡಾಕ್ಟರು ಹೇಳಿದ್ದನ್ನು ಆಕೆ ಪಾಲಿಸಿದ್ದಳು, ತೀರಾ ತಡವಾಗಿ. ರಾಯರು ಓಡಿದರು. ಆಕೆಯನ್ನು ಎಂದೂ ಹೆಸರು ಹಿಡಿದು ಕರೆಯದವರು "ಶೇಖರಾ, ಶೇಖರಾ" ಎಂದು ಕೂಗುತ್ತ ಓಡಿದರು. ಅಷ್ಟು ಓಡಿದರೂ ಅವರ ಎದೆಗೆ ಏನೂ ಆಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಪಕ್ಕದ ಮನೆಯ ಅಂಬಮ್ಮ ಬಾಯಿ ಬಿಟ್ಟಳು.

"ಬಟ್ಟಿ ಒಗಿಯೋ ಕಲ್ಲಿನ ಮುಂದ ಎದಿ ಹಿಡಕೊಂಡು ಕುಂದರ್ತಿದ್ಲು ರಾಯರ. ಜೀರಿಗಿ ನೀರು ಕುಡದು ಏಳ್ತಿದ್ಲು. 'ರಾಯರಿಗೆ ಹೇಳವ್ವಾ' ಅಂದ್ರ, 'ಇಷ್ಟು ವರ್ಷಕ್ಕ ಬಾಯಿ ಬಿಟ್ಟಾರ, ನಾ ಕುಂತು ಅದನ್ನ ಮುಚ್ಚಿಸ್ಲೇನು?' ಅಂತಿದ್ಲು."

ಅಂಬಮ್ಮನಾದರೂ ಮೊದಲೇ ಹೇಳಬಾರದಿತ್ತೇ? ಹೇಳಿದ್ದರೆ ಯಾರು ಕೇಳುತ್ತಿದ್ದರು! ಗಂಡಸಿನ ಎದೆನೋವಿಗೆ ಜೀಪು ಬರುತ್ತದೆ, ಹೆಂಗಸಿನ ಎದೆನೋವಿಗೆ ನಮ್ಮಲ್ಲಿ ಜೀರಿಗೆ ನೀರೇ ಡಾಕ್ಟರು. ನೆನೆದರೆ ಹೊಟ್ಟೆ ಉರಿಯುತ್ತದೆ.

ತಿಂಗಳ ಮೇಲೆ ಶಿವಶರಣಪ್ಪ ಅಪ್ಪನನ್ನು ಸಿಂಧನೂರಿಗೆ ಕರೆದೊಯ್ದ. ಡಾಕ್ಟರಿಗೆ ಸುದ್ದಿ ಗೊತ್ತಿರಲಿಲ್ಲ. ರಾಯರ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಖುಷಿಯಾದರು.

"ಭಾಳ ಛಲೋ ಆಗೈತ್ರಿ ನಿಮ್ಮ ಎದಿ. ಎಲ್ಲಾ ಅಮ್ಮಾರ ಪುಣ್ಯ. ಎಲ್ಲಿ, ಇವತ್ತ ಅವ್ರು ಬಂದಿಲ್ಲೇನು?"

ರಾಯರು ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದರು.

"ಹಿಂದ ಬರಾಕತ್ತಾಳ್ರಿ."

ಡಾಕ್ಟರು ಬಾಗಿಲ ಕಡೆ ನೋಡಿದರು.