ಮುದಿ ಹೊಗೆ

ಸೀಮೆಎಣ್ಣೆ ಸ್ಟೌವ್ ಆರಿಸಿದ ಮೇಲೆ ಅಡುಗೆಮನೆಯಲ್ಲಿ ಉಳಿಯುತ್ತಿದ್ದ ಘಾಟು ನನಗಿನ್ನೂ ನೆನಪಿದೆ. ಅಮ್ಮ ಕಿಟಕಿ ತೆರೆದು ಸೆರಗು ಬೀಸಿ, "ಹೋಯ್ತು ಬಿಡು" ಅನ್ನುತ್ತಿದ್ದಳು. ಹೋಗುವುದು ವಾಸನೆ, ಹೊಗೆಯಲ್ಲ ಎಂದು ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವಾಗ ನಾನೇ ಎಷ್ಟೋ ಸಲ ಹೇಳಿದ್ದೇನೆ. ಹಾಗೆ ಹೋಗದೆ ಉಳಿದ ಹೊಗೆಯನ್ನು ಅಳೆಯುವುದು ಈಗ ನನ್ನ ಸೊಸೆಯ ಕೆಲಸ.

ಊರಾಚೆಯ ಗುಡ್ಡದ ಮೇಲೆ ಎತ್ತರದ ಗೋಪುರವೊಂದಿದೆ. ಅದರ ತುದಿಯಿಂದ ಕೊಳವೆಯೊಂದು ಬುಡದ ಶೆಡ್ಡಿಗೆ ಇಳಿಯುತ್ತದೆ. ವಾರಕ್ಕೊಮ್ಮೆ ಅವಳು ಪಂಪ್ ಹಾಕಿ ಮೇಲಿನ ಗಾಳಿಯನ್ನು ಗಾಜಿನ ಸೀಸೆಗಳಿಗೆ ತುಂಬಿ ಕೇಂದ್ರದ ಪ್ರಯೋಗಾಲಯಕ್ಕೆ ಕಳಿಸುತ್ತಾಳೆ. ಖಂಡದ ಉದ್ದಗಲಕ್ಕೂ ಇಂಥ ಗೋಪುರಗಳಿವೆ. ಮರ, ಹುಲ್ಲು, ನಮ್ಮ ಉಸಿರಿನಿಂದ ಬಂದ ಇಂಗಾಲದಲ್ಲಿ ವಿಕಿರಣದ ಸಣ್ಣ ಗುರುತೊಂದು ಇರುತ್ತದೆ. ಕಲ್ಲಿದ್ದಲು, ಡೀಸೆಲ್‌ಗಳು ನೆಲದಡಿ ಕೋಟ್ಯಂತರ ವರ್ಷ ಮಲಗಿ ಆ ಗುರುತನ್ನು ಕಳೆದುಕೊಂಡಿವೆ. ಗಾಳಿಯಲ್ಲಿ ಗುರುತು ಎಷ್ಟು ತೆಳುವಾಗಿದೆಯೋ, ಖಂಡ ಅಷ್ಟು ಕಲ್ಲಿದ್ದಲು, ಎಣ್ಣೆ ಸುಟ್ಟಿದೆ ಎಂದರ್ಥ. ಸೊಸೆ ಮನೆಮಾತಿನಲ್ಲಿ ಇವಕ್ಕೆ ಎಳೆ ಹೊಗೆ, ಮುದಿ ಹೊಗೆ ಎಂದು ಹೆಸರಿಟ್ಟಿದ್ದಾಳೆ.

ಕಳೆದ ಎರಡು ಚಳಿಗಾಲಗಳಲ್ಲಿ ನಮ್ಮ ಗೋಪುರದ ಸೀಸೆಗಳಲ್ಲಿ ಮಾತ್ರ ಮುದಿ ಹೊಗೆ ವಿಪರೀತ ಏರಿತ್ತು. ತಪಾಸಣೆಗೆ ಬಂದ ಅಧಿಕಾರಿಗೆ ಕೇಂದ್ರದವರೇ ಇಟ್ಟ ಅಡ್ಡಹೆಸರು ಜರಡಿ. ನಮ್ಮ ಹಜಾರದಲ್ಲಿ ಕೂತವರು ನೀರು ಕುಡಿಯುವ ಮೊದಲು ಲೋಟದ ತಳ ನೋಡಿದರು.

"ನಿಮ್ಮ ಗಾಳೀಲಿ ಮುದಿತನ ಜಾಸ್ತಿ ಆಗಿದೆ."

"ನನ್ನ ಮುಖ ನೋಡ್ಕೊಂಡು ಯಾಕಪ್ಪಾ ಹೇಳ್ತೀರಿ?" ಎಂದೆ. ಸೊಸೆ ನಕ್ಕಳು. ಅವರು ನಗಲಿಲ್ಲ.

"ಚಳೀಲಿ ಗುಡ್ಡ ಹತ್ತೋದು ಕಷ್ಟ. ರಸ್ತೆ ಬದೀಲೇ ಸೀಸೆ ತುಂಬಿಸಿಬಿಟ್ರೆ ಯಾರಿಗೆ ಗೊತ್ತಾಗತ್ತೆ? ಆರೋಪ ಅಲ್ಲ, ಸುಮ್ನೆ ಕೇಳ್ತಿದ್ದೀನಿ."

"ಕೇಳೋ ಧಾಟೀಲೇ ತಿಳಿಯತ್ತೆ ಸರ್," ಎಂದಳು ಸೊಸೆ.

"ನಾಳೆ ನನ್ನೆದುರು ತುಂಬಿಸಿ. ಕಾರಣ ಸಿಗದಿದ್ರೆ ಈ ಗೋಪುರ ಲೆಕ್ಕದಿಂದ ಹೊರಗೆ. ನಿಮ್ಮನ್ನೂ ಕೈಬಿಡಬೇಕಾಗತ್ತೆ."

ಅವರು ಹೋದ ಮೇಲೆ ನನ್ನ ತಲೆಗೂ ಒಂದು ಹುಳ ಹೊಕ್ಕಿತು. ಚಳಿಗಾಲದಲ್ಲಿ ಗುಡ್ಡದಿಂದ ಮನೆಗೆ ಬಂದಾಗ ಅವಳ ಕೈ ಬೆಚ್ಚಗಿರುತ್ತಿತ್ತು. ಆ ಗಾಳಿಯಲ್ಲಿ ನಿಂತು ಬಂದವಳ ಕೈ ಹಾಗಿರುತ್ತದೆಯೇ? ಅವಳನ್ನು ಕರೆತರುವ ಕೇಂದ್ರದ ಜೀಪಿನ ಹೀಟರ್ ಬಿಸಿಯಾಗುವಷ್ಟು ದೂರವೂ ಇಲ್ಲ. ಅನುಮಾನ ಗೆದ್ದಲಿನಂತೆ, ಬಾಗಿಲು ಯಾರದೆಂದು ನೋಡುವುದಿಲ್ಲ. ಮಗಳಂಥವಳನ್ನು ಕೇಳಲು ಬಾಯಿ ಬರಲಿಲ್ಲ.

"ನಾಳೆ ನಾನೂ ಬರ್ತೀನಿ," ಎಂದೆ.

"ಈ ಚಳೀಲಾ ಅತ್ತೆ?"

"ಕಾಲೇಜು ಹುಡುಗರ ಕೈಗೆ ಆ್ಯಸಿಡ್ ಕೊಟ್ಟು ಬದುಕಿ ಬಂದವಳು ನಾನು. ಚಳಿಗೆ ಹೆದರ್ತೀನಾ?"

ಬೆಳಿಗ್ಗೆ ಜೀಪು ಗೋಪುರದ ಗೇಟಿನ ಹೊರಗೆ ನಿಂತಿತು. ನಿಯಮದಂತೆ ಪಂಪಿನ ಸದ್ದು ನಿಲ್ಲುವವರೆಗೆ ಅದು ಒಳಗೆ ಬರಬಾರದು. ನಿಂತ ಮೇಲೆ ಬಂದು ಸೀಸೆಗಳ ಪೆಟ್ಟಿಗೆಯನ್ನು ಒಯ್ಯಬೇಕು. "ಸಂಬಂಧಿಕರು ಶೆಡ್ಡಿಗೆ ಬೇಡ," ಎಂದು ಜರಡಿ ನನ್ನನ್ನು ಜೀಪಿನಲ್ಲೇ ಬಿಟ್ಟು ಸೊಸೆಯೊಂದಿಗೆ ಹತ್ತಿಹೋದರು.

ಮೇಲೆ ಪಂಪ್ ಗುರ್ರೆಂದಿತು. ಸ್ವಲ್ಪ ಹೊತ್ತಿಗೆ ಡ್ರೈವರ್ ಜೀಪನ್ನು ಮೆಲ್ಲನೆ ಗೇಟು ದಾಟಿಸಿ ಶೆಡ್ಡಿನ ಹಿಂಗೋಡೆಯ ಪಕ್ಕ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ. ಹೀಟರನ್ನು ಸೊಸೆ ಕೂರುವ ಸೀಟಿನ ಕಡೆ ತಿರುಗಿಸಿದ.

"ಪಂಪ್ ಇನ್ನೂ ನಿಂತಿಲ್ವಲ್ಲಪ್ಪ?"

"ನಿಲ್ಲೋ ಹೊತ್ತಿಗೆ ಒಳಗೆ ಬೆಚ್ಚಗಾಗಿರ್ಬೇಕಮ್ಮ. ಒಂದ್ಸಲ ತಂಗ್ಯಮ್ಮನ ಬೆರಳು ನೀಲಿಗಟ್ಟಿ, ಸೀಸೆ ಜಾರಿ ಒಡೆದು, ಪಾಪ, ಅತ್ತೇಬಿಟ್ರು. ಅವತ್ತಿಂದ ಚಳಿಗಾಲ ಪೂರ್ತಿ ಹೀಗೇ. ಈ ಸದ್ದಲ್ಲಿ ಅವರಿಗೆ ಗೊತ್ತಾಗಲ್ಲ." ಸೊಸೆಯನ್ನು ಅವನು ತಂಗ್ಯಮ್ಮ ಎಂದೇ ಕರೆಯುತ್ತಿದ್ದ.

"ಮತ್ತೆ ನಿಯಮ?"

"ಗಾಳಿ ತಗೊಳ್ಳೋದು ಆಕಾಶದಿಂದ. ನನ್ನ ಜೀಪಿನ ಹೊಗೆ ಏಣಿ ಹಾಕ್ಕೊಂಡು ಹತ್ತತ್ತಾ?"

ಬೆಚ್ಚಗಿನ ಕೈ ಎಲ್ಲಿಂದ ಬಂತೆಂದು ನನಗೆ ತಿಳಿಯಿತು. ಸೊಸೆಯನ್ನು ಶಂಕಿಸಿದ್ದಕ್ಕೆ ಮುಖ ಬಿಸಿಯಾಯಿತು. ನಾನು ಬಾಯಿ ಬಿಟ್ಟರೆ ಇವನ ಕೆಲಸ ಹೋಗುತ್ತದೆ, ಮುಚ್ಚಿದರೆ ಅವಳದು.

"ಹೊಗೆ ಹತ್ತಬೇಕಾಗೇ ಇಲ್ಲಪ್ಪ. ಕೊಳವೆ ಇಲ್ಲೆಲ್ಲಾದ್ರೂ ಬಿರಿದಿದ್ರೆ ನಿನ್ನ ಹೊಗೇನೇ ಎಳ್ಕೊಳ್ಳತ್ತೆ," ಎಂದೆ.

ಅವನ ಕೈ ಸ್ಟಿಯರಿಂಗ್ ಮೇಲೆ ಹಾಗೇ ನಿಂತಿತು. "ತಂಗ್ಯಮ್ಮನ ಮೇಲೆ ಅನುಮಾನ ಬಂದಿರೋದು ಇದಕ್ಕೇನಾ?"

"ನಾನು ಹೇಳಲಾ?"

"ಬೇಡಮ್ಮ. ಮಾಡಿದವನು ನಾನು." ಎಂಜಿನ್ ಆರಿಸಿ ಇಳಿದು ಹೋದ. ನಾನೂ ಹಿಂದೆ ಹೋದೆ.

ಜರಡಿ ಅವನ ಮಾತು ಕೇಳಿ ನನ್ನತ್ತ ತಿರುಗಿದರು. "ಇದನ್ನ ಯಾರು ಹೇಳಿಕೊಟ್ರು? ಸೊಸೆ ಉಳೀಲಿ ಅಂತ ಡ್ರೈವರ್ ತಲೆಗೆ ಕಟ್ತಿದ್ದೀರಾ?"

"ನಂಬಬೇಡಿ, ನೋಡಿ," ಎಂದೆ.

ಪಂಪ್ ಓಡುತ್ತಿರುವಂತೆಯೇ ಅವರು ಹತ್ತಿಯ ದಾರವೊಂದನ್ನು ಹೊತ್ತಿಸಿ, ಊದಿ, ಅದರ ಹೊಗೆಯನ್ನು ಕೊಳವೆಯುದ್ದಕ್ಕೂ ಹಿಡಿದುಕೊಂಡು ಹೋದರು. ಎಲ್ಲರೂ ಉಸಿರು ಬಿಗಿಹಿಡಿದೆವು. ಹಿಂಗೋಡೆಯ ಜೋಡಣೆಯ ಬಳಿ ಹೊಗೆ ಬಾಗಿ, ನೂಲಿನಂತೆ ಒಳಕ್ಕೆ ಹೋಯಿತು. ಅಲ್ಲಿನ ರಬ್ಬರ್ ಉಂಗುರ ಚಳಿಗೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು.

ಜರಡಿ ಅದನ್ನು ಬಿಚ್ಚಿ, ಯಾರಾದರೂ ಬ್ಲೇಡು ಆಡಿಸಿದ್ದಾರೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಚೀಲಕ್ಕೆ ಹಾಕಿಕೊಂಡರು.

"ಎರಡು ಚಳಿಗಾಲದ ಗಾಳಿ ಲೆಕ್ಕದಿಂದ ತೆಗೆದುಹಾಕ್ಬೇಕು. ಗೋಪುರ ಇರತ್ತೆ, ನೀವೂ ಇರ್ತೀರಿ," ಎಂದು ಸೊಸೆಗೆ ಹೇಳಿ ಡ್ರೈವರನ್ನು ನೋಡಿದರು. "ನಿಮ್ಮ ತಪ್ಪು ಬರೀಲೇಬೇಕು." ಚೀಲದ ಬಾಯಿ ಕಟ್ಟುತ್ತ ತುಸು ತಡೆದು, "ಈ ಉಂಗುರ ನೋಡ್ಬೇಕಾಗಿದ್ದು ಕೇಂದ್ರ. ನಾವು ನೋಡಲಿಲ್ಲ. ಅದನ್ನೂ ಬರೀತೀನಿ," ಎಂದರು.

ಜ್ವರದಲ್ಲೂ ಬಿಡದೆ ಗುಡ್ಡ ಹತ್ತಿ ಸೊಸೆ ತಂದ ಗಾಳಿ ಅದು. ಡ್ರೈವರ್ ತಲೆ ತಗ್ಗಿಸಿ ಜೀಪನ್ನು ಗೇಟಿನಾಚೆಗೆ ಒಯ್ದ. ಅವಳು ಹೊಸ ಉಂಗುರ ಹಾಕಿ, ಮತ್ತೆ ಪಂಪ್ ನಡೆಸಿ, ಸೀಸೆಗಳನ್ನು ತುಂಬಿದಳು. ಪಂಪಿನ ಸದ್ದು ನಿಂತು ಎಷ್ಟು ಹೊತ್ತಾದರೂ ಜೀಪು ಮೇಲೆ ಬರಲಿಲ್ಲ. ಇಣುಕಿ ನೋಡಿದರೆ ಅವನು ಹೊರಗೆ ಚಳಿಯಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದ.

ಸೊಸೆ ಕೈಚೀಲದಿಂದ ತನ್ನ ಬುತ್ತಿ ತೆಗೆದಳು. ಇಳಿಜಾರಿನಲ್ಲಿ ನಡೆದುಹೋಗಿ, ಅವನು ತಿರುಗುವವರೆಗೆ ಕಾದು, ಅದನ್ನು ಅವನ ಎರಡೂ ಕೈಯಲ್ಲಿ ಇಟ್ಟಳು.