ಅಂಗಮ್ಮ ಗುತ್ತಿಗೆ ಬಿಟ್ಟದ್ದು

ಕಬ್ಬಿನ ಹೊಲದ ಗುತ್ತಿಗೆ ಮುಂದುವರಿಸುವುದಿಲ್ಲವೆಂದು ಅಂಗಮ್ಮ ಲಂಬಾಸಾದ ಜಮೀನು ಕಛೇರಿಗೆ ಕಾಗದ ಕೊಟ್ಟಾಗಿತ್ತು. ಅವರು ಮುದ್ರೆ ಒತ್ತಿ ತೆಗೆದುಕೊಂಡೂ ಆಗಿತ್ತು. ಆದರೆ ಫಿಜಿಯಲ್ಲಿ ಕಛೇರಿಗೆ ಹೇಳುವುದು ಬೇರೆ, ನೆಲದ ಒಡೆಯರಿಗೆ ಹೇಳುವುದು ಬೇರೆ. ಒಡೆಯರ ಹಳ್ಳಿಗೆ ಹೋಗಿ, ಅಲ್ಲಿಯವರು ಕುಟ್ಟಿ ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟನ್ನು ಅವರ ಚಾಪೆಯ ಮೇಲಿಟ್ಟು ಅಪ್ಪಣೆ ಕೇಳದೆ ಹೊರಟವರನ್ನು ಕಳ್ಳರ ಹಾಗೆ ಓಡಿಹೋದರು ಅನ್ನುತ್ತಾರೆ. ಅನ್ನುವವರ ಭಯ ಅಂಗಮ್ಮನಿಗಿರಲಿಲ್ಲ. ಅನ್ನಲಿ, ಬಾಯಿ ಅವರದು.

ಅವಳು ಹಳ್ಳಿಗೆ ಹೊರಟದ್ದು ಮಗ ಗೋಪಿಗಾಗಿ. ಮೂರು ವರ್ಷದ ಮಗು ಜ್ವರದಲ್ಲಿ ಹೋದಾಗ ಮನೆಯ ಹಿಂದಿನ ದಿಬ್ಬದಲ್ಲೇ ಮಣ್ಣು ಮಾಡಿದ್ದರು. ಗುತ್ತಿಗೆ ಬಿಟ್ಟರೆ ಮನೆಯೂ ದಿಬ್ಬವೂ ಒಡೆಯರ ಕೈಗೆ. ನಾಳೆ ಯಾರೋ ಟ್ರ್ಯಾಕ್ಟರ್ ತಂದು ದಿಬ್ಬವನ್ನು ಉತ್ತುಬಿಟ್ಟರೆ ಕೇಳುವವರು ಯಾರು? ಆ ಆರಡಿಯನ್ನು, ಆರಡಿಯೂ ಅಲ್ಲ, ಕೂಸಿನಷ್ಟು ಜಾಗವನ್ನು, ಮುಟ್ಟುವುದಿಲ್ಲ ಎಂಬ ಮಾತು ಅವಳಿಗೆ ಬೇಕಿತ್ತು.

ಇಂಥ ಮಾತನ್ನು ಹೆಂಗಸು ತಾನೇ ಆಡುವ ಪದ್ಧತಿಯಿಲ್ಲ, ಜೊತೆಗೆ ಬಂದ ಗಂಡಸೊಬ್ಬ ಆಡಬೇಕು. ಗಂಡಸರೆಲ್ಲಿದ್ದರು? ಅಕ್ಕಪಕ್ಕದ ಕಬ್ಬಿನವರೆಲ್ಲ ಒಬ್ಬರ ಹಿಂದೊಬ್ಬರು ಹಡಗು ಹತ್ತಿ ಸುವಾ ಕಡೆ ಹೋಗಿ, ಕೆಟ್ಟು ಪಟ್ಟಣ ಸೇರು ಅನ್ನುವ ಗಾದೆಯನ್ನು ನಿಜ ಮಾಡಿದ್ದರು. ಅವಳೂ ಈಗ ನೌಸೋರಿಯ ಮಗಳ ಮನೆಗೆ ಹೊರಟವಳೇ. ಹಾಗಾಗಿ ಒಬ್ಬಳೇ ಸೀರೆ ಉಟ್ಟು, ಕಟ್ಟನ್ನು ಮಗುವಿನಂತೆ ಎತ್ತಿಕೊಂಡು ಹಳ್ಳಿಗೆ ನಡೆದಳು.

ಕುಲದ ಹಿರಿಯ ರಾತು ಇಲಿಯೆಸಾ ಚಾಪೆಯ ತುದಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಅವನ ಪರವಾಗಿ ಮಾತಾಡುವ ಪೌಲಿಯಾಸಿ. ರಾತುವೂ ಅಂಗಮ್ಮನ ತೀರಿಹೋದ ಗಂಡ ವೀರಸಾಮಿಯೂ ಒಂದೇ ಹೊಳೆಯಲ್ಲಿ ಈಜು ಕಲಿತವರು.

“ಬನ್ನಿ ಅತ್ತಿಗೆ, ಬನ್ನಿ! ದಾರಿ ಮರೆತೇಬಿಟ್ರಿ ಅಂದ್ಕೊಂಡಿದ್ದೆ. ನೀವು ಮಾಡೋ ರೊಟ್ಟಿ ನೆನೆಸ್ಕೊಂಡೇ ನಾನು ಬಡವಾಗಿದೀನಿ ನೋಡಿ,” ಎಂದು ರಾತು ತನ್ನ ದೊಡ್ಡ ಹೊಟ್ಟೆ ತಟ್ಟಿಕೊಂಡ.

ತಪ್ಪಾದದ್ದು ಆಗಲೇ. ಕಟ್ಟಿನ ಮೇಲೆ ಕೈಯಿಟ್ಟುಕೊಂಡು ಬಂದ ಕೆಲಸವನ್ನು ಪೂರ್ತಿ ಹೇಳಿ, ಆಮೇಲಷ್ಟೇ ಅದನ್ನು ಮುಂದಕ್ಕೆ ಸರಿಸಬೇಕು. ಮಂಡಿನೋವಿನ ಅಂಗಮ್ಮ ಕೂರಲು ಆಸರೆ ಬೇಕಾಗಿ, ಕಟ್ಟನ್ನು ಮೊದಲು ಮುಂದಿಟ್ಟಳು. ಪೌಲಿಯಾಸಿ ಹದ್ದಿನ ಹಾಗೆ ಎತ್ತಿಕೊಂಡ. ಗುತ್ತಿಗೆಯವರು ಬರುವುದು ಮುಂದುವರಿಸಿ ಅಂತ ಕೇಳಲಿಕ್ಕಲ್ಲದೆ ಮತ್ತೇಕೆ? ಅವನು ಗಡಗಡನೆ ಒಪ್ಪಿಗೆಯ ಮಾತು ಹೇಳಿಬಿಟ್ಟ. ಕೂತವರೆಲ್ಲ ಬೊಗಸೆ ಸೇರಿಸಿ ಚಪ್ಪಾಳೆ ತಟ್ಟಿದರು. ಎತ್ತಿಕೊಂಡರೆ ಕೇಳಿದ್ದನ್ನು ಕೊಟ್ಟ ಹಾಗೆ. ಅಂಗಮ್ಮ ಕೇಳದೇ ಇದ್ದದ್ದನ್ನು ಅವರು ಕೊಟ್ಟಾಗಿತ್ತು.

“ಇನ್ನೂ ಮೂವತ್ತು ವರ್ಷ ನಿಮ್ಮದೇ!” ಎಂದ ರಾತು. “ಹೊಳೆ ಪಕ್ಕದ ಬಯಲೂ ತಗೊಳ್ಳಿ. ಸುಮ್ನೆ ಸೀಬೆ ಪೊದೆ ಬೆಳ್ಕೊಂಡು ಹಾಳಾಗ್ತಿದೆ.”

ಆ ಬಯಲಿನ ಹೆಸರೆತ್ತಬಾರದಿತ್ತು.

“ರಾತೂ, ನಾನು ಕೇಳಕ್ಕೆ ಬಂದಿಲ್ಲ. ಬಿಡ್ತೀನಿ ಅಂತ ಹೇಳಕ್ಕೆ ಬಂದೆ. ಕಛೇರಿಗೂ ಕೊಟ್ಟಾಯ್ತು.”

ಚಪ್ಪಾಳೆಯ ಕೈಗಳು ತೊಡೆಯ ಮೇಲೆ ಬಿದ್ದವು. “ತಗೊಂಡ ಕಟ್ಟು ವಾಪಸ್ ಕೊಡೋ ಹಾಗಿಲ್ಲಮ್ಮ,” ಎಂದ ಪೌಲಿಯಾಸಿ, ಮುಖ ಕೆಂಪಗೆ ಮಾಡಿಕೊಂಡು. “ಅದು ನಮಗೆ ಅವಮಾನ.”

“ಅವಮಾನನಾ? ಹತ್ತು ವರ್ಷದ ಹಿಂದೆ ಆ ಬಯಲಿಗೋಸ್ಕರ ನನ್ನ ಗಂಡ ಇದೇ ಚಾಪೆ ಮೇಲೆ ಕಟ್ಟು ಇಟ್ಟು ಕೂತಿದ್ರು. ಮಧ್ಯಾಹ್ನದಿಂದ ದೀಪ ಹಚ್ಚೋವರೆಗೂ. ಒಬ್ರೂ ಮುಟ್ಟಲಿಲ್ಲ. ನಮ್ಮ ನೆಲ ನಮಗೆ ಬೇಕು ಅಂದ್ರಿ. ಬೇಕಾಗಿದ್ದು ಸೀಬೆ ಪೊದೆಗಾ? ಅವರು ಆ ಕಟ್ಟನ್ನ ಮತ್ತೆ ಹೊತ್ಕೊಂಡು ಬಂದು ಅಡುಗೆಮನೆ ಮೂಲೆಗೆ ಹಾಕಿ ಮಲಗಿದೋರು ಸರಿಯಾಗಿ ಏಳಲೇ ಇಲ್ಲ. ಅವತ್ತು ಅಷ್ಟು ಬೇಡಿದ್ರೂ ಎತ್ಕೊಳ್ಳಲಿಲ್ಲ. ಇವತ್ತು ನಾನು ಬಾಯಿ ಬಿಡೋಕ್ಮುಂಚೆ ಕಿತ್ಕೊಂಡ್ರಿ.”

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಬಂದಿದ್ದರು. ರಾತು ಚಾಪೆಯ ಹೆಣಿಗೆ ನೋಡುತ್ತ ಕೂತ. ಅವನು ಕೆಟ್ಟವನಲ್ಲ. ಅಂದು ತಮ್ಮಂದಿರ ಮಾತಿಗೆ ಎದುರಾಡಲಾರದೆ ಸುಮ್ಮನಿದ್ದವನು. ಸುಮ್ಮನಿದ್ದವರಿಂದ ಆದಷ್ಟು ಹಾಳು ಕೆಟ್ಟವರಿಂದಲೂ ಆಗಿಲ್ಲ.

ಇಷ್ಟು ಅಂದಮೇಲೆ ಅಂಗಮ್ಮನಿಗೆ ನೆನಪಾಯಿತು. ಬಂದ ಕೆಲಸ ಉಳಿದೇ ಇತ್ತಲ್ಲ. ಬೈದ ಬಾಯಲ್ಲೇ ಬೇಡಬೇಕು.

“ಒಂದು ಕೇಳ್ಕೋತೀನಿ. ಇನ್ನೊಂದು ಕಟ್ಟು ತಂದಿಲ್ಲ,” ಎಂದಳು. ದನಿ ಇಳಿದಿತ್ತು. “ದಿಬ್ಬದ ಮೇಲೆ ಗೋಪಿ ಇದಾನೆ. ಅಷ್ಟು ಜಾಗ ಉಳಬೇಡಿ.”

ರಾತು ಥಟ್ಟನೆ ತಲೆಯೆತ್ತಿದ. ನಿಜವಾಗಿಯೂ ನೊಂದವನಂತೆ ಕಂಡ.

“ಇದಕ್ಕೆ ಕಟ್ಟು ಬೇಕಾ ಅತ್ತಿಗೆ? ಅವನನ್ನ ಯಾರು ಮುಟ್ತಾರೆ? ಇಲ್ಲೇ ಹುಟ್ಟಿದ, ಇದೇ ಮಣ್ಣು ಸೇರಿದ. ಅವನು ನಮ್ಮವನು. ನಮ್ಮವನಿಗೆ ಎಂಥಾ ಗುತ್ತಿಗೆ? ನನ್ನ ಮೊಮ್ಮಕ್ಕಳೂ ಆ ಜಾಗ ಕಾಯ್ತಾರೆ.”

ಪೌಲಿಯಾಸಿಯೂ ಹೌದೆಂದು ತಲೆಯಾಡಿಸಿದ. ಯಾರ ಮಾತಿನಲ್ಲೂ ಕಪಟವಿರಲಿಲ್ಲ. ಬೇಕಾದದ್ದು ಸಿಕ್ಕಿತ್ತು, ಅಂಗಮ್ಮ ಕೈಮುಗಿಯಬೇಕಿತ್ತು. ಅವಳು ಮುಗಿಯಲಿಲ್ಲ.

“ನನ್ನ ಗಂಡಾನೂ ಇಲ್ಲೇ ಹುಟ್ಟಿದ್ರು, ರಾತೂ. ಅವರಪ್ಪಾನೂ.”

ಅವಳು ಎದ್ದಳು. ರಾತು ಅವಳಿಗೆಂದು ಯಂಗೋನ ತುಂಬಿಸಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದ. ಅವಳು ಅದನ್ನು ಮುಟ್ಟಲಿಲ್ಲ.

ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ದಿಬ್ಬ ಹತ್ತಿದಳು. ಗೋಪಿಯ ಮೇಲೆ ಬೆಳೆದಿದ್ದ ಹುಲ್ಲನ್ನು ಕೀಳುತ್ತ ಕೂತಳು. ಕೆಳಗೆ ಹೊಳೆಯ ಬಯಲು ಪೊದೆ ಹೊದ್ದುಕೊಂಡು ಬಿದ್ದಿತ್ತು.

“ನಿಮ್ಮ ತಾತ ಗೇದರು, ನಿಮ್ಮಪ್ಪ ಗೇದು ಸತ್ತರು,” ಎಂದಳು. “ಒಂದು ದಿನಾನೂ ಗೇಯದೋನು ನೀನು. ನಮ್ಮ ಮನೇಲಿ ನೆಲ ಸಿಕ್ಕಿದ್ದು ನಿನಗೊಬ್ಬನಿಗೇ ಕಣೋ.”